ಗ್ರಿಲ್‌ನಲ್ಲಿ ಎರಡೇ ಕುಂಡಕ್ಕೆ ಜಾಗ: ಯಾವ ಮೆಣಸಿನ ಬೀಜ ಹಾಕೋಣ?

ಹೋದ ವರ್ಷ ಗಣಪತಿ ಹಬ್ಬ ಮುಗಿಸಿಕೊಂಡು ಊರಿಂದ ವಾಪಸ್ ಬಂದ ಡೊಂಬಿವಲಿಯ ಚಿಕ್ಕಮ್ಮ ಐದು ಪೊಟ್ಟಣಗಳನ್ನು ಮೇಜಿನ ಮೇಲೆ ಹರಡಿ ಫೋಟೋ ಕಳಿಸಿದರು. ಶಿರಸಿಯಲ್ಲಿರುವ ಅವರಕ್ಕ ಕೊಟ್ಟ ಸೂಜಿ ಮೆಣಸು. ಹಾವೇರಿ ಕಡೆಯ ಬೀಗರು ಕೊಟ್ಟ ಒಣ ಬ್ಯಾಡಗಿ. ಹುಬ್ಬಳ್ಳಿಯಲ್ಲಿ ರೈಲು ಹತ್ತುವ ಮುಂಚೆ ಬೀಜದಂಗಡಿಯಲ್ಲಿ ಕೊಂಡ ಜ್ವಾಲಾ ಪಾಕೀಟು, ಅದರ ಜೊತೆಗೊಂದು ಹೈಬ್ರಿಡ್ ಪಾಕೀಟು. ಮಡಗಾಂವ್‌ನಲ್ಲಿರುವ ಮಗಳು ಕಳಿಸಿದ ಖೋಲಾ ಮೆಣಸು. ಫೋಟೋದ ಕೆಳಗೆ ಒಂದೇ ಸಾಲು: "ಗ್ರಿಲ್‌ನಲ್ಲಿ ಎರಡೇ ಕುಂಡ ಹಿಡಿಸ್ತಾವೆ. ಯಾವುದು ಹಾಕ್ಲಿ, ಹೇಳೇ."

ಇದೇ ಪ್ರಶ್ನೆಯನ್ನು ಪುಣೆಯ ಗೆಳತಿ ಕೇಳಿದ್ದಾಳೆ, ವಾಸ್ಕೋದಲ್ಲಿರುವ ಮಾವನೂ ಕೇಳಿದ್ದಾರೆ. ಅವರವರ ಕಷ್ಟ ಬೇರೆ ಬೇರೆ. ಚಿಕ್ಕಮ್ಮನಿಗೆ ಜಾಗ ಇಲ್ಲ, ಪುಣೆಯವಳಿಗೆ ಟೆರೇಸ್ ಇದೆ ಆದರೆ ಸಮಯ ಇಲ್ಲ, ಮಾವನಿಗೆ ಹಿತ್ತಲು, ಸಮಯ ಎರಡೂ ಇವೆ, ಮಳೆ ಮಾತ್ರ ಕೈ ಹಿಡಿಯುವುದಿಲ್ಲ. ಠಾಣೆಯ ನಾಲ್ಕನೇ ಮಹಡಿಯಲ್ಲಿ ಎಂಟು ವರ್ಷದಿಂದ ಮೆಣಸು ಬೆಳೆಸಿ, ಕೊಂದು, ಮತ್ತೆ ಬೆಳೆಸಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ದುಡ್ಡು ಉಳಿಸಲು ಮೆಣಸು ಬೆಳೆಸುವುದಾದರೆ ಬೇಡ. ನಮ್ಮ ಭಾಜಿವಾಲಾ ಕೊತ್ತಂಬರಿ ಕಟ್ಟಿನ ಜೊತೆ ನಾಲ್ಕು ಹಸಿಮೆಣಸು ಸುಮ್ನೆ ಚೀಲಕ್ಕೆ ಹಾಕುತ್ತಾನೆ. ಕುಂಡ, ಮಣ್ಣು, ಕೋಕೋಪೀಟ್ ಅನ್ನುವ ತೆಂಗಿನ ನಾರಿನ ಪುಡಿ, ಎರೆಗೊಬ್ಬರ ಎಲ್ಲ ಸೇರಿ ನನ್ನ ಮೊದಲ ವರ್ಷದ ಖರ್ಚು ಆರುನೂರು ರೂಪಾಯಿ ದಾಟಿತ್ತು. ಬಂದ ಕಾಯಿ ಎಷ್ಟು ಅಂತ ಕೇಳಬೇಡಿ. ಅಂಗಡಿಯಲ್ಲಿ ಸಿಗದ ಮೆಣಸು ಬೇಕು, ಔಷಧಿ ಹೊಡೆಯದ ಕಾಯಿ ಬೇಕು, ಇಲ್ಲವೇ ಬೀಜ ಮೊಳೆಯುವುದನ್ನು ನೋಡುವ ಖುಷಿ ಬೇಕು ಅನ್ನುವವರು ಮುಂದೆ ಓದಿ.

ಮೊದಲು ಕಿಟಕಿ, ಆಮೇಲೆ ಬೀಜ

ಎಲ್ಲರೂ ಬೀಜದಿಂದ ಶುರು ಮಾಡುತ್ತಾರೆ. ತಪ್ಪಾಗುವುದು ಅಲ್ಲೇ. ಮೊದಲು ನೋಡಬೇಕಾದ್ದು ಬಿಸಿಲು. ರಜೆಯ ದಿನ ಬೆಳಿಗ್ಗೆ ಏಳರಿಂದ ಗಂಟೆಗೊಮ್ಮೆ ಕಿಟಕಿ ಕಟ್ಟೆಯ ಮೇಲೆ ನೇರ ಬಿಸಿಲು ಎಲ್ಲಿಯವರೆಗೆ ಬಿದ್ದಿದೆ ನೋಡಿ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ, ಪಕ್ಕದಲ್ಲಿ ಗಂಟೆ ಬರೆಯಿರಿ. ಸಂಜೆ ಎಣಿಸಿದರೆ ಉತ್ತರ ಸಿಗುತ್ತದೆ. ಆರು ಗಂಟೆ ಮತ್ತು ಜಾಸ್ತಿ ಇದ್ದರೆ ಯಾವ ಮೆಣಸಾದರೂ ಸರಿ. ನಾಲ್ಕಿದ್ದರೆ ಆಯ್ಕೆ ಕಿರಿದಾಗುತ್ತದೆ. ಎರಡೇ ಗಂಟೆ ಬಿಸಿಲು ಬೀಳುವ ಕಿಟಕಿಗೆ ಪುದೀನಾ ಹಾಕಿ, ಮೆಣಸನ್ನು ಮರೆತುಬಿಡಿ.

ಇನ್ನೊಂದು ವಿಷಯ. ಬಿಸಿಲು ವರ್ಷವಿಡೀ ಒಂದೇ ಕಡೆಯಿಂದ ಬರುವುದಿಲ್ಲ. ಮುಂಬೈಯಲ್ಲಿ ಮೇ ಮಧ್ಯದಿಂದ ಜುಲೈ ಕೊನೆಯವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೆ ವಾಲಿರುತ್ತಾನೆ. ಆಗ ದಕ್ಷಿಣದ ಕಿಟಕಿಗೆ ನೇರ ಬಿಸಿಲೇ ಇಲ್ಲ ಅನ್ನಿಸುತ್ತದೆ. ಅದೇ ಕಿಟಕಿಯಲ್ಲಿ ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಬಿಸಿಲು ಅಡುಗೆಮನೆಯ ನೆಲದವರೆಗೂ ಬರುತ್ತದೆ. ಮೆಣಸಿಗೆ ಒಳ್ಳೆಯ ಕಾಲವೂ ಅದೇ. ಹಾಗಾಗಿ ದಕ್ಷಿಣದ ಗ್ರಿಲ್ ಇದ್ದವರು ಮೇ ತಿಂಗಳಲ್ಲಿ ಗೆರೆ ಎಳೆದು ನಿರಾಶೆ ಪಡಬೇಡಿ, ನವರಾತ್ರಿ ಹೊತ್ತಿಗೆ ಮತ್ತೊಮ್ಮೆ ಎಳೆದು ನೋಡಿ.

ಬಿಸಿಲಾದ ಮೇಲೆ ಅಡುಗೆ. ನಿಮ್ಮ ಮನೆಯಲ್ಲಿ ದಿನಾ ಖರ್ಚಾಗುವುದು ಒಗ್ಗರಣೆಗೆ ಹಸಿಮೆಣಸೋ, ಹುಳಿಗೆ ರುಬ್ಬುವ ಕೆಂಪು ಮೆಣಸೋ, ರಂಜಕಕ್ಕೆ ಹಣ್ಣು ಮೆಣಸೋ? ಮೂರನೆಯದು ತಾಳ್ಮೆ. ಕೆಲವು ಮೂರು ತಿಂಗಳಲ್ಲಿ ಕಾಯಿ ಕೊಡುತ್ತವೆ, ಕೆಲವಕ್ಕೆ ಮೊಳೆಯಲೇ ಮೂರು ವಾರ ಬೇಕು. ಕೊನೆಯದು, ಮುಂದಿನ ವರ್ಷಕ್ಕೆ ನಿಮ್ಮದೇ ಬೀಜ ತೆಗೆದಿಡುವ ಆಸೆ ಇದೆಯೋ ಇಲ್ಲವೋ. ಈ ನಾಲ್ಕಕ್ಕೆ ಉತ್ತರ ಗೊತ್ತಿದ್ದರೆ ಚಿಕ್ಕಮ್ಮನ ಐದು ಪೊಟ್ಟಣದಲ್ಲಿ ಮೂರು ತಾವಾಗಿಯೇ ಪಕ್ಕಕ್ಕೆ ಸರಿಯುತ್ತವೆ.

ಡಬ್ಬಿಯಿಂದ ತೆಗೆದ ಬ್ಯಾಡಗಿ

ಕನ್ನಡದವರು ಬೀಜ ಅಂದ ಕೂಡಲೇ ಕೈ ಹಾಕುವುದು ಮಸಾಲೆ ಡಬ್ಬಿಗೇ. ಬ್ಯಾಡಗಿ ನಮ್ಮದು ಎಂಬ ಅಭಿಮಾನ. 2011ರಲ್ಲಿ ಜಿಐ ಮಾನ್ಯತೆಯೂ, ಅಂದರೆ ಇದು ಈ ಸೀಮೆಯದೇ ಬೆಳೆ ಎಂಬ ಸರ್ಕಾರಿ ಗುರುತೂ, ಬಂತು. ಮರಾಠಿ ಅಡುಗೆಮನೆಯೂ ಅದನ್ನು ಬಿಟ್ಟಿಲ್ಲ. ಮುಂಬೈಯ ಲಾಲ್‌ಬಾಗ್‌ನ ಮಸಾಲೆ ಅಂಗಡಿಗಳ ಮುಂದೆ ನಿಂತು ನೋಡಿ, ಚೀಲದ ಮೇಲೆ 'ಬೇಡಗಿ' ಅಂತ ಒಂದು ಚೀಟಿ, ಪಕ್ಕದಲ್ಲಿ 'ಸಂಕೇಶ್ವರಿ' ಅಂತ ಇನ್ನೊಂದು. ಒಂದು ಹಾವೇರಿ ಜಿಲ್ಲೆಯ ಊರು, ಇನ್ನೊಂದು ಬೆಳಗಾವಿ ಜಿಲ್ಲೆಯ ಊರು. ಇವರ ಮಸಾಲೆಯ ಬಣ್ಣ ಎಲ್ಲಿಂದ ಬಂತು ಅಂತ ಯಾರಾದರೂ ಕೇಳಿದರೆ ನಾನು ಆ ಚೀಟಿಗಳನ್ನೇ ತೋರಿಸುತ್ತೇನೆ.

ಬ್ಯಾಡಗಿಯಲ್ಲಿ ಡಬ್ಬಿ ಮತ್ತು ಕಡ್ಡಿ ಅಂತ ಎರಡು. ಡಬ್ಬಿ ಗಿಡ್ಡ, ದಪ್ಪ, ಮೈತುಂಬ ಸುಕ್ಕು. ಕಡ್ಡಿ ಉದ್ದ, ತೆಳು. ಒಣ ಕಾಯಿಯ ತೊಟ್ಟು ಮುರಿದು ಬಿಳಿ ತಟ್ಟೆಯ ಮೇಲೆ ಕುಟ್ಟಿ. ಉದುರಿದ ಬೀಜದಲ್ಲಿ ದುಂಡಗೆ, ಹೊನ್ನಿನ ಬಣ್ಣದ್ದು, ಉಗುರಲ್ಲಿ ಒತ್ತಿದರೆ ಗಟ್ಟಿಯಾಗಿರುವುದನ್ನು ಇಟ್ಟುಕೊಳ್ಳಿ. ಕಪ್ಪಗಾದದ್ದು, ಕಾಗದದಂತೆ ಚಪ್ಪಟೆಯಾದದ್ದು ಬಿಸಾಡಿ.

ಲಾಭ ಏನು ಅಂದರೆ ಬೀಜಕ್ಕೆ ಖರ್ಚಿಲ್ಲ. ನಷ್ಟ ಮೂರು. ಅಂಗಡಿಯ ಮೆಣಸು ಎಷ್ಟು ಹಳೆಯದೋ ನಮಗೆ ಗೊತ್ತಾಗುವುದಿಲ್ಲ, ಮೆಣಸಿನ ಬೀಜ ಎರಡು ಮೂರು ವರ್ಷ ದಾಟಿದರೆ ಮೊಳೆಯುವುದು ಬೇಗ ಕುಸಿಯುತ್ತದೆ. ಬಿಸಿಲಲ್ಲಿ ಒಣಗಿಸಿದ್ದಾದರೆ ಸರಿ, ಮಿಷನ್ನಿನ ಹೆಚ್ಚಿನ ಶಾಖದಲ್ಲಿ ಒಣಗಿಸಿದ್ದಾದರೆ ಬೀಜ ಸತ್ತಿರಬಹುದು. ಮೂರನೆಯದೇ ದೊಡ್ಡದು. ಬ್ಯಾಡಗಿಯ ಸಾರ ಇರುವುದು ಹಣ್ಣಾಗಿ ಒಣಗಿದ ಮೇಲೆ ಬರುವ ಬಣ್ಣದಲ್ಲಿ. ಅದಕ್ಕೆ ಕಾಯಿ ಗಿಡದಲ್ಲೇ ಕೆಂಪಾಗಬೇಕು, ಆಮೇಲೆ ದಿನಗಟ್ಟಲೆ ಒಣ ಬಿಸಿಲು ಬೇಕು. ಮುಂಬೈಯ ತೇವದ ಗಾಳಿಯಲ್ಲಿ ನಾನು ಒಣಗಿಸಿದ ಅರ್ಧ ಕಾಯಿಗಳಿಗೆ ಬೂಷ್ಟು ಹಿಡಿಯಿತು. ಉಳಿದದ್ದು ಒಂದು ಸಲದ ಸಾರಿನ ಪುಡಿಗೂ ಸಾಲಲಿಲ್ಲ. ಒಂದು ಕಿಲೋ ಒಣಮೆಣಸಿಗೆ ಎಷ್ಟು ಕಾಯಿ ಬೇಕು ಅಂತ ಒಮ್ಮೆ ಅಂದಾಜು ಮಾಡಿ ನೋಡಿ, ಎರಡು ಕುಂಡದ ಆಸೆ ಅಲ್ಲೇ ತಣ್ಣಗಾಗುತ್ತದೆ. ಹಸಿಯಾಗಿ ತಿಂದರೆ ಅದು ಖಾರ ಕಡಿಮೆಯ ಸಾಧಾರಣ ಮೆಣಸು, ಅಷ್ಟೇ.

ಪುಣೆಯಲ್ಲಿ ಲೆಕ್ಕ ಬೇರೆ. ಅಲ್ಲಿ ನವೆಂಬರ್ ಮೇಲೆ ಗಾಳಿ ಒಣ, ಬಿಸಿಲು ಚುರುಕು. ಟೆರೇಸ್ ಮೇಲೆ ಎಂಟು ಹತ್ತು ಕುಂಡ ಇಡುವವರು ಬ್ಯಾಡಗಿಗೆ ಕೈ ಹಾಕಬಹುದು.

ಜ್ವಾಲಾ ಪಾಕೀಟು

ದೆಹಲಿಯ ಪೂಸಾದಲ್ಲಿರುವ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ಕೊಟ್ಟ ತಳಿ ಇದು, ಹಾಗಾಗಿ ಪೂಸಾ ಜ್ವಾಲಾ. ತೆಳು ಹಸಿರು, ಬೆರಳುದ್ದ, ತುದಿ ಕೊಂಕು, ಮೈ ಸ್ವಲ್ಪ ನಿರಿಗೆ. ಮುಂಬೈಯ ಮಾರ್ಕೆಟ್ಟಿನಲ್ಲಿ ಸಿಗುವ ಖಾರದ ಹಸಿಮೆಣಸಿನಲ್ಲಿ ಇದರ ಜಾತಿಯದ್ದೇ ಜಾಸ್ತಿ.

ಇದರ ಪರವಾಗಿ ಹೇಳಲು ಬಹಳ ಇದೆ. ಏಳರಿಂದ ಹತ್ತು ದಿನಕ್ಕೆ ಮೊಳಕೆ. ಬಿತ್ತಿದ ಮೂರು ತಿಂಗಳ ಆಸುಪಾಸಿಗೆ ಮೊದಲ ಹಸಿ ಕಾಯಿ. ಗಿಡ ಕುಳ್ಳಗೆ, ಪೊದೆಯಾಗಿ ಬೆಳೆಯುವುದರಿಂದ ಹತ್ತಿಂಚಿನ ಕುಂಡಕ್ಕೂ ಒಗ್ಗುತ್ತದೆ. ನನ್ನ ಒಂದು ಗಿಡ ಜೋರಿನಲ್ಲಿದ್ದಾಗ ವಾರಕ್ಕೆ ಒಂದು ಹಿಡಿ ಕೊಟ್ಟಿದೆ, ಮೂರು ಜನರ ಮನೆಗೆ ಅಷ್ಟು ಸಾಕು. ಹಸಿರಾಗಿದ್ದಾಗಲೇ ಕೀಳುತ್ತಾ ಹೋದರೆ ಗಿಡ ಮತ್ತೆ ಮತ್ತೆ ಹೂ ಬಿಡುತ್ತದೆ. ಇದು ಹೈಬ್ರಿಡ್ ಅಲ್ಲ, ಒಂದೆರಡು ಕಾಯಿ ಹಣ್ಣಾಗಲು ಬಿಟ್ಟರೆ ಮುಂದಿನ ವರ್ಷದ ಬೀಜ ನಿಮ್ಮದೇ. ನಾನು ಕೊಂಡ ಸಣ್ಣ ಪಾಕೀಟಿಗೆ 40 ರೂಪಾಯಿ ಕೊಟ್ಟಿದ್ದೆ. ಒಂದು ಗ್ರಾಂನಲ್ಲಿ ನೂರೈವತ್ತರ ಸುಮಾರು ಬೀಜ ಇರುತ್ತವೆ. ಅಂದರೆ ಇಡೀ ಬಿಲ್ಡಿಂಗಿಗೆ ಹಂಚಬಹುದು.

ದೋಷ ಎಂದರೆ ಎಲೆ ಮುದುಡುವುದು. ನಮ್ಮ ಕಡೆ ಮುಟುರು ರೋಗ ಅನ್ನುತ್ತಾರೆ, ಇಲ್ಲಿಯ ಮಾಳಿಗಳು ಚುರಡಾ ಮುರಡಾ ಅನ್ನುತ್ತಾರೆ. ಎಲೆ ದೋಣಿಯ ಹಾಗೆ ಮೇಲಕ್ಕೆ ಸುರುಳಿಯಾದರೆ ಥ್ರಿಪ್ಸ್, ಕೆಳಕ್ಕೆ ಬಾಗಿದರೆ ಮೈಟ್ ನುಸಿ. ಕಣ್ಣಿಗೆ ಎರಡೂ ಸರಿಯಾಗಿ ಕಾಣುವುದಿಲ್ಲ, ಎಲೆಯೇ ಹೇಳಬೇಕು. ಲೀಟರ್ ನೀರಿಗೆ ಒಂದು ಟೀ ಚಮಚ ಬೇವಿನೆಣ್ಣೆ, ನಾಲ್ಕು ಹನಿ ಪಾತ್ರೆ ತೊಳೆಯುವ ಸೋಪು, ಚೆನ್ನಾಗಿ ಕುಲುಕಿ ಸಂಜೆ ಹೊತ್ತು ಎಲೆಯ ಅಡಿಗೆ ಹೊಡೆಯಿರಿ. ವಾರಕ್ಕೊಮ್ಮೆ, ಮೂರು ವಾರ. ಅಷ್ಟಕ್ಕೂ ಬಗ್ಗದಿದ್ದರೆ, ಹೊಸ ಚಿಗುರೂ ಮುದುಡಿಯೇ ಬಂದರೆ, ಅದು ವೈರಸ್ ಇರಬಹುದು. ಗಿಡ ಕಿತ್ತುಬಿಡಿ. ಮರುಕ ತೋರಿಸಿ ಇಟ್ಟುಕೊಂಡ ಒಂದು ಗಿಡದಿಂದ ನಾನು ಐದು ಗಿಡ ಕಳೆದುಕೊಂಡಿದ್ದೇನೆ.

ಹೈಬ್ರಿಡ್

ಪಾಕೀಟಿನ ಮೇಲೆ ಎಫ್1 ಅಂತ ಇದ್ದರೆ ಹೈಬ್ರಿಡ್. ಬೆಲೆ ಹೆಚ್ಚು, ಬೀಜ ಕಡಿಮೆ, ಇಳುವರಿ ಜೋರು. ರೋಗ ತಡೆಯುವ ಶಕ್ತಿಯೂ ಕೆಲವಕ್ಕೆ ಚೆನ್ನಾಗಿದೆ. ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಮೇಘನಾ ಇಂಥದ್ದೇ ಒಂದು. ಹೋದ ವರ್ಷ ಮುಟುರು ರೋಗದಿಂದ ಎಲ್ಲ ಹೋಯಿತು ಅನ್ನುವವರು ಈ ಸಲ ಹೈಬ್ರಿಡ್ ಹಾಕಿ ನೋಡುವುದರಲ್ಲಿ ತಪ್ಪಿಲ್ಲ. ಆದರೆ ಅದರ ಕಾಯಿಯಿಂದ ತೆಗೆದ ಬೀಜ ಹಾಕಿದರೆ ತಾಯಿಯ ಹಾಗೆ ಬರುವುದಿಲ್ಲ. ಒಂದು ಉದ್ದ, ಒಂದು ಗಿಡ್ಡ, ಒಂದು ಖಾರ, ಒಂದು ಸಪ್ಪೆ. ಪ್ರತಿ ವರ್ಷ ಪಾಕೀಟು ಕೊಳ್ಳಲೇಬೇಕು. ಮಾರ್ಕೆಟ್ಟಿನ ಹಣ್ಣುಮೆಣಸಿನ ಬೀಜ ಹಾಕಿ ಮೋಸ ಹೋದೆವು ಅನ್ನುವವರ ಕಥೆಯೂ ಎಷ್ಟೋ ಸಲ ಇದೇ. ಅಂದ ಹಾಗೆ, ಹಸಿರು ಮೆಣಸಿನಕಾಯಿಯ ಬೀಜ ಹಾಕಬೇಡಿ, ಅದು ಬಲಿತಿರುವುದಿಲ್ಲ. ಗಿಡದಲ್ಲೇ ಕೆಂಪಾದ ಕಾಯಿಯದೇ ಆಗಬೇಕು. ಪಾಕೀಟಿನ ಬೀಜ ಗುಲಾಬಿ ಅಥವಾ ನೀಲಿ ಬಣ್ಣದ್ದಿದ್ದರೆ ಅದಕ್ಕೆ ಔಷಧಿ ಲೇಪಿಸಿದ್ದಾರೆ ಎಂದರ್ಥ. ಮುಟ್ಟಿದ ಮೇಲೆ ಕೈ ತೊಳೆಯಿರಿ, ಮಕ್ಕಳಿಂದ ದೂರ ಇಡಿ.

ಆನ್‌ಲೈನಿನಲ್ಲಿ 'ಅಪರೂಪದ ತಳಿ' ಅಂತ ಕೊಳ್ಳುವಾಗ ಜೋಪಾನ. ಒಂದು ಕಡೆಯಿಂದ ನೇರಳೆ ಮೆಣಸು ಅಂತ ತರಿಸಿದ ಇಪ್ಪತ್ತು ಬೀಜದಲ್ಲಿ ಮೊಳೆತದ್ದು ನಾಲ್ಕು. ನಾಲ್ಕೂ ಬದನೆ.

ಸೂಜಿ ಮೆಣಸು: ನನ್ನ ಪಕ್ಷಪಾತ

ಶಿರಸಿ ಕಡೆ ಸೂಜಿ ಮೆಣಸು, ಮಲೆನಾಡಿನ ಬೇರೆ ಕಡೆ ಜೀರಿಗೆ ಮೆಣಸು, ಕರಾವಳಿಯಲ್ಲಿ ಗಾಂಧಾರಿ, ಕೊಡಗಿನಲ್ಲಿ ಪರಂಗಿ. ಎಷ್ಟು ಹೆಸರೋ ಅಷ್ಟು ಖಾರ. ಕಾಯಿ ಬೆರಳಿನ ಒಂದು ಗಿಣ್ಣಿನಷ್ಟೂ ಇಲ್ಲ, ಆಕಾಶ ನೋಡುತ್ತಾ ನಿಂತಿರುತ್ತದೆ. 1912ರಲ್ಲಿ ವಿಲ್ಬರ್ ಸ್ಕೋವಿಲ್ ಎಂಬ ಅಮೆರಿಕದ ಔಷಧ ತಜ್ಞ ಖಾರ ಅಳೆಯಲು ಮಾಡಿದ ಅಳತೆಯಲ್ಲಿ ಈ ಜಾತಿಯ ಮೆಣಸು ಐವತ್ತು ಸಾವಿರದಿಂದ ಒಂದು ಲಕ್ಷದವರೆಗೆ ತೂಗುತ್ತದೆ. ಒಂದು ಮಜ್ಜಿಗೆ ತಂಬುಳಿಗೆ ಎರಡು ಕಾಯಿ ಸಾಕು. ಅಪ್ಪೆಹುಳಿಗೆ ಒಂದನ್ನು ನುರಿದರೂ ಮೂಗಲ್ಲಿ ನೀರು.

ಇದನ್ನು ಮೆಚ್ಚಲು ಕಾರಣ ರುಚಿಯೊಂದೇ ಅಲ್ಲ. ಅಡಿಕೆ ತೋಟದ ಅರೆನೆರಳಲ್ಲಿ ತಾನೇ ಹುಟ್ಟಿ ಬೆಳೆದು ರೂಢಿಯಿರುವ ಗಿಡ ಇದು. ನಾಲ್ಕು ಗಂಟೆ ಬಿಸಿಲಿನ ಪೂರ್ವದ ಗ್ರಿಲ್‌ನಲ್ಲಿ ಜ್ವಾಲಾ ಸೊರಗಿ ನಿಂತಾಗ ಪಕ್ಕದ ಸೂಜಿ ಮೆಣಸು ಹೂ ಬಿಟ್ಟಿತ್ತು. ಜ್ವಾಲಾ ಒಂದು ಹಂಗಾಮಿನ ಸಂಸಾರ, ಸೂಜಿ ಮೆಣಸು ಎರಡು ಮೂರು ವರ್ಷ ಬಾಳುತ್ತದೆ. ಮಳೆಗಾಲ ಮುಗಿದ ಮೇಲೆ ಮೊಣಕಾಲೆತ್ತರಕ್ಕೆ ಸವರಿದರೆ ಮತ್ತೆ ಚಿಗುರುತ್ತದೆ. ಮುಟುರು ರೋಗವೂ ನನ್ನ ಗಿಡಗಳಿಗೆ ಕಡಿಮೆ. ಮುಖ್ಯವಾಗಿ, ಇದು ಠಾಣೆಯ ತರಕಾರಿ ಅಂಗಡಿಯಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಭಾಜಿವಾಲಾ ಪುಕ್ಕಟೆ ಕೊಡುವುದನ್ನೇ ಬೆಳೆಸುವುದಕ್ಕಿಂತ ಅವನ ಬಳಿ ಇಲ್ಲದ್ದನ್ನು ಬೆಳೆಸುವುದು ವಾಸಿ ಅಲ್ವಾ?

ತೊಂದರೆಗಳೂ ಇವೆ, ಮುಚ್ಚಿಡುವುದಿಲ್ಲ. ಮೊಳೆಯಲು ಎರಡರಿಂದ ಮೂರು ವಾರ. ಎಷ್ಟೋ ಜನ ಹದಿನೈದನೇ ದಿನ ಸತ್ತಿದೆ ಅಂತ ಮಣ್ಣು ಚೆಲ್ಲಿಬಿಡುತ್ತಾರೆ. ಮೊದಲ ಕಾಯಿಗೆ ಐದಾರು ತಿಂಗಳು ಕಾಯಬೇಕು. ಗಿಡ ಎರಡು ಮೂರು ಅಡಿ ಎತ್ತರ ಹೋಗುವುದರಿಂದ ಕುಂಡ ಹನ್ನೆರಡು ಇಂಚಿನದೇ ಆಗಬೇಕು. ಕೀಳುವುದು ಹರಸಾಹಸ, ಒಂದು ಬಟ್ಟಲು ತುಂಬಲು ಅರ್ಧ ಗಂಟೆ. ಮತ್ತೆ ಪಿಕಳಾರ ಹಕ್ಕಿಗಳು. ಹಕ್ಕಿಗಳಿಗೆ ಮೆಣಸಿನ ಖಾರ ತಾಗುವುದೇ ಇಲ್ಲ, ನಮಗೆ ಉರಿ ಹುಟ್ಟಿಸುವ ಅಂಶ ಅವುಗಳ ನಾಲಿಗೆಗೆ ಲೆಕ್ಕಕ್ಕಿಲ್ಲ. ಕೆಂಪಾದ ಕಾಯಿ ಮೊದಲು ಅವುಗಳ ಪಾಲು. ಎರಡು ಮಹಡಿ ಮೇಲಿನ ಮರಾಠಿ ಕಾಕು ಒಂದು ದಿನ ತಮ್ಮ ತುಳಸಿ ಕುಂಡದಲ್ಲಿ ತಾನೇ ಹುಟ್ಟಿದ ಗಿಡ ತೋರಿಸಿ ಇದೇನು ಅಂತ ಕೇಳಿದರು. ನಮ್ಮದೇ ಸೂಜಿ ಮೆಣಸು.

ಗೋವಾದವರಿಗೆ ಗೋವಾದ್ದೇ

ಮೆಣಸು ನಮ್ಮ ನೆಲದ್ದಲ್ಲ, ಅಮೆರಿಕ ಖಂಡದ್ದು. 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ಗೋವಾಕ್ಕೆ ಬಂತು. ಹಿಂದೆ ಮುಂಬೈ ಕಡೆ ಇದನ್ನು ಗೋವಾಯಿ ಮಿರ್ಚಿ ಅನ್ನುತ್ತಿದ್ದರಂತೆ. ಆ ನಂಟು ಈಗಲೂ ಹರಿದಿಲ್ಲ. ಕಾಣಕೋಣದ ಖೋಲಾ, ಪೆಡ್ಣೆ ಕಡೆಯ ಹರ್ಮಲ್, ಎರಡಕ್ಕೂ ಜಿಐ ಮಾನ್ಯತೆ ಇದೆ. ಖೋಲಾ ಹೊಳೆಯುವ ಕೆಂಪು, ಖಾರ ಹದವಾಗಿ, ಮೀನಿಗೆ ತುಂಬುವ ರೆಶಾದ್ ಮಸಾಲೆಗೆ ಹೇಳಿ ಮಾಡಿಸಿದ್ದು. ಅಲ್ಲಿನ ರೈತರು ಮಳೆಗಾಲದಲ್ಲಿ ಗುಡ್ಡದ ಇಳಿಜಾರಿನಲ್ಲಿ ಇದನ್ನು ಬೆಳೆಯುತ್ತಾರೆ. ಮಳೆ ಎಷ್ಟೇ ಸುರಿದರೂ ನೀರು ನಿಲ್ಲುವುದಿಲ್ಲ. ವಾಸ್ಕೋದ ಮಾವ ಸಪಾಟು ಹಿತ್ತಲಲ್ಲಿ ಜೂನ್‌ನಲ್ಲಿ ನೆಟ್ಟು ಬೇರು ಕೊಳೆಸಿಕೊಂಡದ್ದು ಈ ಗುಟ್ಟು ತಿಳಿಯದೆ. ಈಗ ಮೊಣಕಾಲೆತ್ತರ ಮಣ್ಣು ಏರಿಸಿ ದಿಬ್ಬ ಮಾಡಿದ್ದಾರೆ, ಗಿಡ ನಿಂತಿದೆ.

ಹಿತ್ತಲಿದ್ದವರು ಖೋಲಾ ಹಾಕಿ, ಇನ್ನೊಂದು ಯೋಚನೆ ಬೇಡ. ಬೀಜಕ್ಕೆ ಮಾಪುಸಾದ ಶುಕ್ರವಾರದ ಸಂತೆಯಲ್ಲಿ ಬೆಳೆದವರಿಂದಲೇ ಒಣ ಮೆಣಸು ಕೊಳ್ಳಿ, ಈ ವರ್ಷದ್ದೇ ಅಂತ ಕೇಳಿ ಕೊಳ್ಳಿ. ಮುಂಬೈಯ ಗ್ರಿಲ್‌ಗೆ ಮಾತ್ರ ಇದು ಬ್ಯಾಡಗಿಯ ಕಥೆಯೇ. ಗಿಡ ಬರುತ್ತದೆ, ಮಸಾಲೆ ಆಗುವಷ್ಟು ಕಾಯಿ ಬರುವುದಿಲ್ಲ.

ಉಳಿದವು

ದೊಣ್ಣೆ ಮೆಣಸು ನೋಡಲು ಚೆಂದ. ಆದರೆ ಮುಂಬೈಯ ಸೆಕೆಗೆ ಹೂ ಉದುರಿಸುತ್ತದೆ. ಪುಣೆಯ ಚಳಿಗಾಲದಲ್ಲಿ ಪರವಾಗಿಲ್ಲ. ಬಜ್ಜಿ ಮೆಣಸು ಅದಕ್ಕಿಂತ ಗಟ್ಟಿ, ಮಕ್ಕಳಿರುವ ಮನೆಗೆ ಒಳ್ಳೆಯದು, ಒಂದು ಗಿಡದಿಂದ ಎರಡು ಮೂರು ಸಲ ಬಜ್ಜಿ ಆಗುತ್ತದೆ. ಖಾರದ ಗಿಡದ ಪಕ್ಕ ಇಟ್ಟರೆ ಬಜ್ಜಿ ಮೆಣಸೂ ಖಾರ ಆಗುತ್ತದೆ ಅನ್ನುವುದು ಸುಳ್ಳು. ಪರಾಗ ಬೆರೆತರೆ ಬದಲಾಗುವುದು ಒಳಗಿನ ಬೀಜ, ಮುಂದಿನ ಪೀಳಿಗೆ. ಈ ವರ್ಷದ ಕಾಯಿಗೆ ಏನೂ ಆಗದು. ಬೀಜಕ್ಕೆ ಬಿಡುವ ಕಾಯಿಯಾದರೆ ಹೂ ಅರಳುವ ಮುಂಚೆಯೇ ಆ ಕೊಂಬೆಗೆ ತೆಳು ಬಟ್ಟೆಯ ಚೀಲ ಕಟ್ಟಿ.

ಭೂತ್ ಜೋಲೋಕಿಯಾ ಕೇಳುವ ಹುಡುಗರು ಪ್ರತಿ ವರ್ಷ ಇಬ್ಬರಾದರೂ ಇರುತ್ತಾರೆ. 2007ರಲ್ಲಿ ಜಗತ್ತಿನ ಅತಿ ಖಾರದ ಮೆಣಸು ಅಂತ ಗಿನ್ನೆಸ್ ದಾಖಲೆ ಸೇರಿದ್ದು, ಹತ್ತು ಲಕ್ಷ ಸ್ಕೋವಿಲ್ ದಾಟಿದ್ದು. ಮೊಳೆಯಲು ತಿಂಗಳು. ಮುಂಬೈಯ ತೇವ ಅದಕ್ಕೆ ಇಷ್ಟವೇ. ಆದರೆ ಬಂದ ಕಾಯನ್ನು ಏನು ಮಾಡುತ್ತೀರಿ? ವಿಡಿಯೋ ಮಾಡಿ ಮುಗಿದ ಮೇಲೆ ಗಿಡ ಅಮ್ಮನ ಪಾಲಿಗೆ ಬರುತ್ತದೆ.

ಬೀಜವೋ ಸಸಿಯೋ

ನರ್ಸರಿಯಲ್ಲಿ ಇಪ್ಪತ್ತು ಮೂವತ್ತು ರೂಪಾಯಿಗೆ ಸಸಿ ಸಿಗುತ್ತದೆ, ಬೀಜದ ರಗಳೆ ಏಕೆ ಎಂದು ಪುಣೆಯ ಗೆಳತಿ ಕೇಳಿದಳು. ಅವಳ ಮಟ್ಟಿಗೆ ಅದು ಸರಿಯಾದ ಪ್ರಶ್ನೆ. ಸಸಿ ತಂದರೆ ಒಂದೂವರೆ ತಿಂಗಳು ಕಾಯುವುದು ಉಳಿಯುತ್ತದೆ. ಆದರೆ ತಳಿ ಯಾವುದು ಅಂತ ನರ್ಸರಿಯವನನ್ನು ಕೇಳಿದರೆ "ಲವಂಗಿ ಮಿರ್ಚಿ" ಅನ್ನುತ್ತಾನೆ, ಕಾಯಿ ಬಿಟ್ಟಾಗ ಬೇರೇನೋ. ಜೊತೆಗೆ ಎಲೆಯ ಅಡಿಯಲ್ಲಿ ಬಿಳಿ ನೊಣ ಪುಕ್ಕಟೆಯಾಗಿ ಬರುತ್ತದೆ. ಜ್ವಾಲಾದಂಥದ್ದು ಸಾಕು ಅನ್ನುವವರು ಸಸಿಯನ್ನೇ ತನ್ನಿ, ಹತ್ತು ದಿನ ಬೇರೆ ಗಿಡಗಳಿಂದ ದೂರ ಇಟ್ಟು ನೋಡಿ. ಸೂಜಿ ಮೆಣಸು, ಖೋಲಾ ಬೇಕಾದವರಿಗೆ ಬೀಜವೇ ದಾರಿ.

ಯಾವ ಬೀಜವೇ ಆಗಲಿ, ಮಣ್ಣಿಗೆ ಹಾಕುವ ಮುಂಚೆ ಒಂದು ಪರೀಕ್ಷೆ. ಹತ್ತು ಬೀಜ ಎಣಿಸಿ ರಾತ್ರಿ ನೀರಲ್ಲಿ ನೆನೆಸಿ. ಬೆಳಿಗ್ಗೆ ಒದ್ದೆ ಟಿಶ್ಯೂ ಕಾಗದದಲ್ಲಿ ಮಡಚಿ ಮುಚ್ಚಳದ ಡಬ್ಬಿಯಲ್ಲಿಟ್ಟು ಫ್ರಿಜ್ಜಿನ ಮೇಲಿಡಿ, ಒಳಗಲ್ಲ. ದಿನಕ್ಕೊಮ್ಮೆ ತೆರೆದು ಗಾಳಿ ಆಡಿಸಿ. ಬ್ಯಾಡಗಿ, ಜ್ವಾಲಾ ಆದರೆ ಆರೇಳನೇ ದಿನಕ್ಕೆ ಬೀಜದ ಚೂಪು ತುದಿಯಿಂದ ಬಿಳಿ ಬೇರು, ಅಕ್ಕಿನುಚ್ಚಿನಷ್ಟು, ಹೊರಗೆ ಇಣುಕುತ್ತದೆ. ಹತ್ತರಲ್ಲಿ ಆರು ಬಂದರೆ ಬೀಜ ಜೀವಂತ. ಎರಡೇ ಬಂದರೆ ಆ ಪೊಟ್ಟಣಕ್ಕಾಗಿ ಕುಂಡ ಕೊಳ್ಳಬೇಡಿ. ಬೇರು ಬಂದ ಬೀಜವನ್ನು ಚಿಮಟದಲ್ಲಿ ಹಿಡಿಯಬೇಡಿ, ಟಿಶ್ಯೂ ಸಮೇತ ಹರಿದು ಚಹಾದ ಕಾಗದದ ಲೋಟದಲ್ಲಿ ಅರ್ಧ ಸೆಂಟಿಮೀಟರ್ ಆಳಕ್ಕೆ ಇಡಿ. ಲೋಟದ ತಳಕ್ಕೆ ತೂತು ಮರೆಯಬೇಡಿ.

ಲೋಟಕ್ಕೆ ತುಂಬಲು ಕೋಕೋಪೀಟ್ ಒಳ್ಳೆಯದು. ಆದರೆ ಅದರಲ್ಲಿ ಉಪ್ಪಿನಂಶ ಇರುತ್ತದೆ, ಎರಡು ಸಲ ನೀರಲ್ಲಿ ನೆನೆಸಿ ಹಿಂಡಿ. ಅದರಲ್ಲಿ ಸಾರ ಇಲ್ಲ, ಆದ್ದರಿಂದ ಕಾಲು ಭಾಗ ಎರೆಗೊಬ್ಬರ ಬೆರೆಸಿ. ಮುಂಬೈಯ ನರ್ಸರಿಗಳು ಮಾರುವ ಲಾಲ್ ಮಾತಿ ಒಂದನ್ನೇ ತುಂಬಿದರೆ ಎರಡನೇ ವಾರಕ್ಕೆ ಇಟ್ಟಿಗೆ. ಕುಂಡಕ್ಕೆ ಬದಲಾಯಿಸುವಾಗ ಆ ಮಣ್ಣು, ಕೋಕೋಪೀಟ್, ಎರೆಗೊಬ್ಬರ ಸಮ ಪಾಲು, ಒಂದು ಹಿಡಿ ಬೇವಿನ ಹಿಂಡಿ. ಮೊಳಕೆ ತಲೆ ಎತ್ತಿದ ದಿನವೇ ಬಿಸಿಲಿಗೆ ಇಡಿ. ಒಳಗೇ ಇಟ್ಟರೆ ದಾರದ ಹಾಗೆ ಉದ್ದವಾಗಿ ಬಿದ್ದುಬಿಡುತ್ತವೆ. ನೀರು ಜಾಸ್ತಿಯಾದರೆ ಬುಡ ಕೊಳೆತು ಮಲಗುತ್ತವೆ. ಮೇಲಿನ ಮಣ್ಣು ಒಣಗಿದ ಮೇಲೆಯೇ ನೀರು.

ಯಾವಾಗ

ಮುಂಬೈಯವರಿಗೆ ನನ್ನ ಲೆಕ್ಕ ಸುಲಭ: ನವರಾತ್ರಿಗೆ ಬಿತ್ತನೆ, ದೀಪಾವಳಿಗೆ ಕುಂಡ, ಸಂಕ್ರಾಂತಿಗೆ ಜ್ವಾಲಾ ಕಾಯಿ. ಏಪ್ರಿಲ್, ಮೇ ತಿಂಗಳಲ್ಲಿ ರಾತ್ರಿಯೂ ಸೆಕೆ ಇಳಿಯದೆ ಹೂ ಉದುರುತ್ತದೆ, ಆಗ ಗೊಬ್ಬರ ಸುರಿಯಬೇಡಿ, ಅದು ಹಸಿವಲ್ಲ. ಗಾಜಿನ ಬಾಗಿಲು ಹಾಕಿ ಮುಚ್ಚಿದ ಬಾಲ್ಕನಿಯಾದರೆ ಗಾಳಿ ಇಲ್ಲದೆಯೂ ಕಾಯಿ ಕಚ್ಚುವುದಿಲ್ಲ. ಬೆಳಿಗ್ಗೆ ಹತ್ತರ ಹೊತ್ತಿಗೆ ಹೂವಿನ ತೊಟ್ಟನ್ನು ಬೆರಳಲ್ಲಿ ಮೆಲ್ಲಗೆ ತಟ್ಟಿ. ಪುಣೆಯಲ್ಲಿ ಮಳೆ ಹಗುರ, ಜೂನ್‌ನಲ್ಲೇ ಬಿತ್ತಬಹುದು. ಡಿಸೆಂಬರ್, ಜನವರಿಯ ಹತ್ತು ಡಿಗ್ರಿ ರಾತ್ರಿಗಳಲ್ಲಿ ಮಾತ್ರ ಬೀಜ ಅಲುಗುವುದಿಲ್ಲ. ಗೋವಾದಲ್ಲಿ ದಿಬ್ಬ ಇದ್ದರೆ ಮೇನಲ್ಲಿ ಸಸಿ ಮಾಡಿ, ಇಲ್ಲದಿದ್ದರೆ ಮಳೆ ಮುಗಿಯಲಿ.

ಹಾಗಾದರೆ ಯಾರಿಗೆ ಯಾವುದು? ಆರು ಗಂಟೆ ಬಿಸಿಲು, ದಿನಾ ಹಸಿಮೆಣಸು ಬೇಕು, ಕಾಯುವ ವ್ಯವಧಾನ ಇಲ್ಲ ಅಂದರೆ ಜ್ವಾಲಾ. ಬಿಸಿಲು ಕಡಿಮೆ, ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಇರಲಿ ಅಂದರೆ ಸೂಜಿ ಮೆಣಸು. ರೋಗದಿಂದ ಬೇಸತ್ತವರಿಗೆ ಹೈಬ್ರಿಡ್. ಪುಣೆಯ ದೊಡ್ಡ ಟೆರೇಸಿಗೆ ಬ್ಯಾಡಗಿ, ಗೋವಾದ ಹಿತ್ತಲಿಗೆ ಖೋಲಾ. ಪುಣೆಯ ಗೆಳತಿ ನರ್ಸರಿಯ ನಾಲ್ಕು ಸಸಿ ತಂದಳು. ಅವಳ ಸಮಯಕ್ಕೆ ಅದೇ ಸರಿ.

ಚಿಕ್ಕಮ್ಮನಿಗೆ ಒಂದು ಕುಂಡಕ್ಕೆ ಜ್ವಾಲಾ, ಇನ್ನೊಂದಕ್ಕೆ ಸೂಜಿ ಮೆಣಸು ಅಂತ ಹೇಳಿದ್ದೆ. ಜ್ವಾಲಾ ಕಾಯಿ ಬಿಡುವಷ್ಟರಲ್ಲಿ ಸೂಜಿ ಮೆಣಸು ಬೆಳೆದಿರುತ್ತದೆ, ಮಳೆಗಾಲಕ್ಕೆ ಜ್ವಾಲಾ ಮುಗಿದಾಗ ಇದು ಇರುತ್ತದೆ ಎಂಬ ಲೆಕ್ಕ. ಹಾಗೇ ಮಾಡಿದರು. ಜನವರಿಯಲ್ಲಿ ಫೋಟೋ ಬಂತು. ಎರಡು ಕುಂಡದ ನಡುವೆ, ಗ್ರಿಲ್‌ಗೆ ತಂತಿಯಲ್ಲಿ ಕಟ್ಟಿದ ಐದು ಲೀಟರಿನ ಎಣ್ಣೆ ಡಬ್ಬ, ಅದರಲ್ಲಿ ಒಂದು ಬ್ಯಾಡಗಿ ಗಿಡ, ಮೂರು ಕಾಯಿ. "ನೀನು ಬೇಡ ಅಂದಿದ್ದೆ, ಗೊತ್ತು. ಬೀಗರು ಕೊಟ್ಟ ಬೀಜ, ಬಿಸಾಡಲಾಗಲಿಲ್ಲ." ಕೆಳಗಿನ ಮನೆಯವರ ಬಟ್ಟೆ ಮೇಲೆ ನೀರು ತೊಟ್ಟಿಕ್ಕುತ್ತದೆ ಅಂತ ಸೊಸೈಟಿಯವರ ಚೀಟಿ ಬಂದಿದೆಯಂತೆ. ಡಬ್ಬದ ಅಡಿಗೆ ಇಡಲು ಒಂದು ತಟ್ಟೆ ತೆಗೆದಿಟ್ಟಿದ್ದೇನೆ, ಭಾನುವಾರ ಹೋಗಿ ಕೊಟ್ಟು ಬರಬೇಕು.